ಎರಕಕ್ಕೆ ಮುನ್ನ ಮೆಟ್ಟಿಲನ್ನು ಗಣಕಯಂತ್ರದಲ್ಲಿ ಕಟ್ಟಿ ನೋಡಿರಿ
(ಮನೆ ಕಟ್ಟುವವರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಹಳ್ಳಿಗಳಲ್ಲಿ ಈಗ ಹೆಂಚಿನ ಮನೆಗಳ ಜಾಗದಲ್ಲಿ ಆರ್.ಸಿ.ಸಿ. ಮನೆಗಳು ಏಳುತ್ತಲಿವೆ. ತಾರಸಿ ಬಂದ ಮೇಲೆ ಮೆಟ್ಟಿಲು ಬಂದೇ ಬರುತ್ತದೆ. ಆ ಮೆಟ್ಟಿಲನ್ನು ಹೆಚ್ಚಾಗಿ ಹತ್ತಿ ಇಳಿಯುವವರು ಯಾರು? ರಾಗಿ, ಹುರುಳಿ, ಮೆಣಸಿನಕಾಯಿ ಒಣಹಾಕುವ ನಮ್ಮ ಹೆಣ್ಣುಮಕ್ಕಳು. ತಲೆಯ ಮೇಲೆ ಮಂಕರಿ, ಕಂಕುಳಲ್ಲಿ ಮಗು. ಹೊರೆ ಹೊತ್ತವರಿಗೆ ತಮ್ಮ ಪಾದ ತಮಗೆ ಕಾಣದು. ಮೊದಲೆರಡು ಮೆಟ್ಟಿಲು ಹತ್ತಿದೊಡನೆ ಕಾಲು ತಾನೇ ಅಳತೆ ಹಿಡಿದುಕೊಂಡು ಮುಂದಕ್ಕೆ ಹೋಗುತ್ತದೆ. ನಡುವೆ ಒಂದು ಮೆಟ್ಟಿಲು ಗಿಡ್ಡವಾಯಿತೋ, ಎತ್ತರವಾಯಿತೋ, ಕಾಲು ಮೋಸಹೋಗುತ್ತದೆ.

ಚಾಮುಂಡಿ ಬೆಟ್ಟದ ಮೆಟ್ಟಿಲುಗಳು ಎಲ್ಲವೂ ಒಂದೇ ಎತ್ತರವಲ್ಲವಲ್ಲ ಎಂದು ಕೆಲವರು ಕೇಳಬಹುದು. ಹೌದು. ಆದರೆ ಅಲ್ಲಿ ನಾವು ನೋಡಿಕೊಂಡು, ನಿಂತು ನಿಂತು ಹತ್ತುತ್ತೇವೆ. ಮನೆಯ ಮೆಟ್ಟಿಲನ್ನು ಮಳೆ ಬಂತೆಂದು ಓಡಿ ಹತ್ತುತ್ತೇವೆ, ಕತ್ತಲಲ್ಲಿ ಇಳಿಯುತ್ತೇವೆ.

ಮಣ್ಣಿನ ಗೋಡೆ ಸೊಟ್ಟಗಾದರೆ ಕೆಡವಿ ಕಟ್ಟಬಹುದು. ಕಾಂಕ್ರೀಟಿನ ಮೆಟ್ಟಿಲು ಹಾಗಲ್ಲ. ಎರಕ ಗಟ್ಟಿಯಾದ ಮೇಲೆ ತಪ್ಪು ಮನೆಯಷ್ಟೇ ಕಾಲ ಉಳಿಯುತ್ತದೆ. ಆದುದರಿಂದ ಎರಕ ಹೊಯ್ಯುವ ಮೊದಲು ಮೆಟ್ಟಿಲನ್ನು ಗಣಕಯಂತ್ರದಲ್ಲಿ ಒಮ್ಮೆ ಕಟ್ಟಿ ನೋಡಿರಿ ಎಂದು ಹೇಳಲು ಬಂದಿದ್ದೇನೆ. ಪಟ್ಟಣದ ಎಂಜಿನಿಯರುಗಳು ರೆವಿಟ್ ಮುಂತಾದ ಬೆಲೆಬಾಳುವ ತಂತ್ರಾಂಶಗಳಲ್ಲಿ ಇದನ್ನು ಮಾಡುತ್ತಾರೆ. ಫ್ರೀಕ್ಯಾಡ್ ಎಂಬುದಕ್ಕೆ ಹಣ ಕೊಡಬೇಕಾದ್ದಿಲ್ಲ. ಅದರಲ್ಲಿ ಮೆಟ್ಟಿಲು ಕಟ್ಟುವುದಕ್ಕೆಂದೇ ಒಂದು ಸಾಧನವಿದೆ. ಊರಿನಲ್ಲಿ ಡಿಪ್ಲೊಮಾ ಓದುವ ಹುಡುಗನೋ ಹುಡುಗಿಯೋ ಇದ್ದರೆ ಕೂರಿಸಿಕೊಂಡು ಮಾಡಿಸಬಹುದು.

ಒಂದು ಲೆಕ್ಕ ಹಿಡಿಯೋಣ. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ 3150 ಮಿಲಿಮೀಟರ್, ಅಂದರೆ ಹತ್ತು ಅಡಿ ನಾಲ್ಕಿಂಚು ಎನ್ನಿ. ಇದನ್ನು 18 ಮೆಟ್ಟಿಲಿಗೆ ಹಂಚಿದರೆ ಒಂದೊಂದರ ಎತ್ತರ 175. ತುಳಿಯುವ ಅಗಲ 270 ಇಡೋಣ. ಇದು ಸರಿಯೇ ಎಂದು ನೋಡಲು ಹಳೆಯದೊಂದು ಸೂತ್ರವಿದೆ. ಪ್ಯಾರಿಸ್ಸಿನ ವಾಸ್ತುಶಿಲ್ಪ ಅಕಾಡೆಮಿಯ ಮುಖ್ಯಸ್ಥನಾಗಿದ್ದ ಫ್ರಾನ್ಸ್ವಾ ಬ್ಲೊಂಡೆಲ್ ಎಂಬಾತ 1675ರಿಂದ ಅಚ್ಚಾದ ತನ್ನ ಗ್ರಂಥದಲ್ಲಿ ಹೇಳಿದ್ದು: ಎರಡು ಎತ್ತರ, ಒಂದು ಅಗಲ ಕೂಡಿದರೆ ಮನುಷ್ಯನ ಒಂದು ಹೆಜ್ಜೆಯಷ್ಟಾಗಬೇಕು. ನಮ್ಮ ಲೆಕ್ಕದಲ್ಲಿ 175, 175, 270 ಸೇರಿ 620. ಸುಮಾರು 600ರಿಂದ 640ರ ಒಳಗಿದ್ದರೆ ಹತ್ತುವುದು ಸುಖ. ಫ್ರೀಕ್ಯಾಡ್ ಈ ಸಂಖ್ಯೆಯನ್ನು ಆತನ ಹೆಸರಿನಲ್ಲೇ ತೋರಿಸುತ್ತದೆ. ಮನೆಗಳ ಮಟ್ಟಿಗೆ ಎತ್ತರ 190ಕ್ಕಿಂತ ಹೆಚ್ಚಬಾರದು, ಅಗಲ 250ಕ್ಕಿಂತ ಕಡಿಮೆಯಾಗಬಾರದು ಎಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಹೇಳುತ್ತದೆ.

ಒಂಬತ್ತೊಂಬತ್ತರ ಎರಡು ಸಾಲು, ನಡುವೆ ಒಂದು ಲ್ಯಾಂಡಿಂಗು. ಒಂಬತ್ತು ಎತ್ತರಕ್ಕೆ ತುಳಿಯುವ ಹಾಸು ಎಂಟೇ, ಏಕೆಂದರೆ ಒಂಬತ್ತನೆಯದು ಲ್ಯಾಂಡಿಂಗೇ. ಆದ್ದರಿಂದ ಸಾಲಿನ ಉದ್ದ 2160. ಲ್ಯಾಂಡಿಂಗಿಗೆ ಒಂದು ಮೀಟರು ಸೇರಿಸಿದರೆ 3160, ಹತ್ತೂವರೆ ಅಡಿಗೆ ತುಸು ಕಡಿಮೆ. ಇಷ್ಟು ಜಾಗ ಬಿಡದೆ ಗೋಡೆ ಎಬ್ಬಿಸಿ, ಆಮೇಲೆ ಮೆಟ್ಟಿಲನ್ನು ಹೇಗಾದರೂ ತುರುಕಿರಿ ಎಂದರೆ ಮೇಸ್ತ್ರಿಯಾದರೂ ಏನು ಮಾಡಿಯಾನು? ಏಣಿಯನ್ನೇ ಕಾಂಕ್ರೀಟಿನಲ್ಲಿ ಎರೆದು ಕೊಡುತ್ತಾನೆ.

ಈಗ ಮುಖ್ಯ ವಿಷಯ. ದಯವಿಟ್ಟು ನಿಧಾನವಾಗಿ ಕೇಳಿರಿ.

ಗಣಕಯಂತ್ರಕ್ಕೆ ಎತ್ತರ ಕೊಟ್ಟರೆ ಅದು ಎಲ್ಲ ಮೆಟ್ಟಿಲನ್ನೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹಂಚುತ್ತದೆ. ಚಿತ್ರ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ತಾವು ಕೊಟ್ಟ ಎತ್ತರ ಯಾವುದು? ಬರೀ ಕಾಂಕ್ರೀಟಿನದೋ, ಟೈಲ್ಸು ಗ್ರಾನೈಟು ಹಾಕಿ ಮುಗಿದ ನೆಲದ್ದೋ? ಕೆಳಗಿನ ನೆಲಕ್ಕೆ ಗಾರೆ, ಟೈಲ್ಸು ಸೇರಿ 75 ಮಿಲಿಮೀಟರ್ ಏರುತ್ತದೆ ಎನ್ನಿ. ಮೆಟ್ಟಿಲಿಗೆ ಗ್ರಾನೈಟು, ಗಾರೆ ಸೇರಿ 40. ಮೇಲಿನ ನೆಲಕ್ಕೆ 50. ಮುಗಿದ ನೆಲದಿಂದ ಮುಗಿದ ನೆಲಕ್ಕೆ 3150 ಆಗಬೇಕಾದರೆ ಬರೀ ಕಾಂಕ್ರೀಟಿನಿಂದ ಕಾಂಕ್ರೀಟಿಗೆ 3175 ಇರುತ್ತದೆ. ಇದನ್ನೇ 18ಕ್ಕೆ ಸಮನಾಗಿ ಹಂಚಿ ಎರಕ ಹೊಯ್ದಿರೆಂದುಕೊಳ್ಳಿ. ಗೃಹಪ್ರವೇಶದ ಹೊತ್ತಿಗೆ ಮೊದಲನೆಯ ಮೆಟ್ಟಿಲು 141, ನಡುವಿನವು 176, ಕೊನೆಯದು 186 ಆಗಿರುತ್ತದೆ. ಹತ್ತುವಾಗ ತುದಿಯಲ್ಲಿ ಕಾಲ್ಬೆರಳು ತಗುಲುತ್ತದೆ. ಇಳಿಯುವಾಗ ಕೊನೆಯ ಹೆಜ್ಜೆಯಲ್ಲಿ ನೆಲ ಕಾಲಿಗೆ ಮುಂಚೆಯೇ ಸಿಕ್ಕು ಮೊಣಕಾಲು ಜಗ್ಗುತ್ತದೆ. ಇಲ್ಲಿ ಮೇಸ್ತ್ರಿಯೂ ತಪ್ಪಲಿಲ್ಲ, ಯಂತ್ರವೂ ತಪ್ಪಲಿಲ್ಲ. ಪ್ರತಿಯೊಬ್ಬರೂ ತಮಗೆ ಹೇಳಿದ ಲೆಕ್ಕವನ್ನು ಸರಿಯಾಗಿಯೇ ಮಾಡಿದರು.

ಮಾಡಬೇಕಾದ ಕ್ರಮ ಹೀಗಿದೆ. ಯಂತ್ರದಲ್ಲಿ ಮೊದಲು ಮುಗಿದ ನೆಲದಿಂದ ಮುಗಿದ ನೆಲಕ್ಕೆ, ತುಳಿಯುವ ಮೈಯನ್ನು ಕಟ್ಟಿರಿ. ಅದರ ಅಡ್ಡಕೊಯ್ತದ ಚಿತ್ರ ತೆಗೆಸಿ, ಆಯಾ ಜಾಗದ ಕಲ್ಲು ಗಾರೆಗಳ ದಪ್ಪವನ್ನು ಕಳೆಯಿರಿ. ಉಳಿದದ್ದೇ ಕಾಂಕ್ರೀಟು. ಈ ಲೆಕ್ಕದಲ್ಲಿ ಕಾಂಕ್ರೀಟಿನ ಮೊದಲ ಮೆಟ್ಟಿಲು 210, ನಡುವಿನ ಹದಿನಾರು 175, ಕೊನೆಯದು 165 ಬರುತ್ತದೆ. ಸೆಂಟ್ರಿಂಗಿನವನಿಗೆ ಇದು ವಿಚಿತ್ರವಾಗಿ ಕಾಣುತ್ತದೆ. “ಸ್ವಾಮಿ, ಮೊದಲನೆಯದು ದೊಡ್ಡದಾಯಿತಲ್ಲ” ಎಂದು ಸರಿಮಾಡಲೂ ಹೋಗುತ್ತಾನೆ. ಏಕೆ ಹೀಗೆ ಎಂಬುದನ್ನು ಚಿತ್ರ ತೋರಿಸಿ ಅವನಿಗೆ ಮೊದಲೇ ತಿಳಿಸಿರಿ. ಯಾವ ಕಲ್ಲು, ಯಾವ ಟೈಲ್ಸು ಎಂಬುದನ್ನು ಮನೆಯವರೆಲ್ಲ ಕೂಡಿ ಎರಕಕ್ಕೆ ಮುಂಚೆಯೇ ತೀರ್ಮಾನಿಸಿಕೊಳ್ಳಬೇಕಾದ ಕಾರಣವೂ ಇದೇ.

ಅದೇ ಅಡ್ಡಕೊಯ್ತದಲ್ಲಿ ತಲೆ ತಗುಲುವುದೇ ಎಂಬುದನ್ನೂ ನೋಡಿರಿ. ಮೆಟ್ಟಿಲ ಮೂಗಿನಿಂದ ಮೇಲಿನ ತೊಲೆಗೆ 2.2 ಮೀಟರು ಬಿಡುವಿರಲಿ. ಮೂಟೆ ಹೊತ್ತವನು ಬರಿಗೈಯವನಿಗಿಂತ ಎತ್ತರ.

ಮೆಟ್ಟಿಲುಗಳನ್ನು ಹೊರುವ ಓರೆ ಹಾಸಿಗೆ ಕೆಲಸದವರು ವೇಸ್ಟ್ ಸ್ಲ್ಯಾಬ್ ಎನ್ನುತ್ತಾರೆ. ಎಂಜಿನಿಯರು 150 ಮಿಲಿಮೀಟರ್ ದಪ್ಪ ಬರೆದುಕೊಟ್ಟರೆ ಅದನ್ನು ಇಳಿಜಾರಿಗೆ ನೇರ ಅಡ್ಡವಾಗಿ ಅಳೆಯಬೇಕು. ಟೇಪನ್ನು ತೂಗುಗುಂಡಿನ ಹಾಗೆ ನೆಟ್ಟಗೆ ಹಿಡಿದು 150 ಅಳೆದರೆ, ನಮ್ಮ ಮೆಟ್ಟಿಲ ಇಳಿಜಾರಿನಲ್ಲಿ ನಿಜವಾದ ದಪ್ಪ ಸಿಕ್ಕುವುದು ಸುಮಾರು 126 ಮಾತ್ರ. ಆರರಲ್ಲಿ ಒಂದು ಪಾಲು ಹೋಯಿತು! ಚಿತ್ರದಲ್ಲಿ ಆ ಅಡ್ಡಗೆರೆಯನ್ನು ಎಳೆಸಿ, ಸಂಖ್ಯೆ ಬರೆಸಿ ಕೊಡಿರಿ.

ಇನ್ನು ಕಂಬಿ. ಫ್ರೀಕ್ಯಾಡಿನ ಮೆಟ್ಟಿಲ ಸಾಧನ ಆಕಾರವನ್ನು ಕೊಡುತ್ತದೆಯೇ ಹೊರತು ಎಷ್ಟು ಕಂಬಿ ಬೇಕೆಂದು ಹೇಳುವುದಿಲ್ಲ. ಪರದೆಯ ಮೇಲೆ ನಿಂತ ಮೆಟ್ಟಿಲೆಲ್ಲ ಭಾರ ಹೊರುತ್ತದೆಂದು ತಿಳಿಯಬಾರದು. ಆ ಲೆಕ್ಕಕ್ಕೆ ಎಂಜಿನಿಯರು ಬೇಕೇ ಬೇಕು, ಅವರಿಗೆ ಕೊಡುವ ಶುಲ್ಕ ದಂಡವಲ್ಲ. ಆದರೂ ಒಂದು ಜಾಗವನ್ನು ತಾವೇ ಕಣ್ಣಾರೆ ನೋಡಬೇಕು. ಸಾಲು ಮೇಲೇರಿ ಲ್ಯಾಂಡಿಂಗನ್ನು ಸೇರುವ ಕಡೆ, ಅಡಿಯಲ್ಲಿ ಒಂದು ಒಳಮೂಲೆ ಬರುತ್ತದೆ. ತಳದ ಕಂಬಿಯನ್ನು ಆ ಮೂಲೆಯ ಜೊತೆಗೇ ಬಗ್ಗಿಸಿ ಕಟ್ಟಿದರೆ, ಭಾರ ಬಿದ್ದಾಗ ಕಂಬಿ ನೆಟ್ಟಗಾಗಲು ಎಳೆದು ಅಡಿಯ ಕಾಂಕ್ರೀಟನ್ನು ಸಿಡಿಸುತ್ತದೆ. ಓರೆಯ ಕಂಬಿ ನೇರವಾಗಿ ಮುಂದುವರಿದು ಲ್ಯಾಂಡಿಂಗಿನ ಮೇಲ್ಪದರಕ್ಕೆ ಹೋಗಬೇಕು. ಲ್ಯಾಂಡಿಂಗಿನ ತಳದ ಕಂಬಿ ಬೇರೆಯಾಗಿ ಬಂದು ಅದನ್ನು ದಾಟಿ ಓರೆ ಹಾಸಿನ ಮೇಲ್ಪದರ ಸೇರಬೇಕು. ಕತ್ತರಿಯ ಎರಡು ಕಾಲಿನ ಹಾಗೆ ಎಂದರೆ ತಿಳಿಯುತ್ತದೆ. ಇದನ್ನು ಚಿತ್ರದಲ್ಲಿ ದೊಡ್ಡದಾಗಿ ಬರೆಸಿ ಬಾರ್ ಬೆಂಡರನ ಕೈಗೆ ಕೊಡಿರಿ.

ಚಿತ್ರ ಕಾಗದಕ್ಕೆ ಬಂದ ಮೇಲೆ ಮೆಟ್ಟಿಲ ಪಕ್ಕದ ಗೋಡೆಗೆ ಹೋಗಿರಿ. ರಸಮಟ್ಟ ಹಿಡಿದು ಮುಗಿದ ನೆಲದ ಗೆರೆಯನ್ನು ಕೆಳಗೂ ಮೇಲೂ ಎಳೆದು, ಹದಿನೆಂಟು ಮೆಟ್ಟಿಲನ್ನೂ ಸೀಮೆಸುಣ್ಣದಲ್ಲಿ ಬರೆಯಿರಿ. ಮುಗಿದ ಮೈಗೆ ಒಂದು ಬಣ್ಣ, ಕಾಂಕ್ರೀಟಿಗೆ ಇನ್ನೊಂದು. ಹಲಗೆ ಹೊಡೆಯುವವನು ಆ ಗೆರೆಗೇ ಹೊಡೆಯಲಿ. ಎರಕದ ಹಿಂದಿನ ದಿನ ಮನೆಯ ಹೆಂಗಸರೊಬ್ಬರು ಟೇಪು ಹಿಡಿದು ಹದಿನೆಂಟನ್ನೂ ಅಳೆಯಲಿ. ಎರಕವಾದ ಮೇಲೆ ಆಧಾರದ ಕಂಬಗಳನ್ನು ಅವಸರದಿಂದ ಕೀಳಬಾರದು. ಇಷ್ಟು ಉದ್ದದ ಹಾಸಿಗೆ ಐ.ಎಸ್. 456 ಸಂಹಿತೆಯಂತೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಾದರೆ ಕನಿಷ್ಠ ಏಳು ದಿನ. ಬೂದಿ ಬೆರೆತ ಸಿಮೆಂಟಾದರೆ ಇನ್ನೂ ಹೆಚ್ಚು ದಿನ ಬೇಕು, ಎಷ್ಟೆಂದು ಎಂಜಿನಿಯರನ್ನು ಕೇಳಿರಿ. ಅಷ್ಟು ದಿನವೂ ಗೋಣಿತಟ್ಟು ಹೊದಿಸಿ ನೀರು ಹಾಕುತ್ತಿರಿ.