ಹಳೇ ಬೇಸ್ ಗಿಟಾರ್ ಕೊಳ್ಳೋ ಮುಂಚೆ

(ಸಂಘದ ಗಾಯನ ತಂಡದ ಸಭೆಯಲ್ಲಿ ಆಡಿದ ಮಾತು)





ಏಪ್ರಿಲ್ 14ರ ಕಾರ್ಯಕ್ರಮಕ್ಕೆ ಈ ಸಲ ಡಿಜೆ ಬೇಡ, ನಾವೇ ಹಾಡೋಣ ಎಂದು ಸಂಘ ತೀರ್ಮಾನ ಮಾಡಿದೆ. ಹಲಗಿ ಅದ, ಢೋಲಕ್ ಅದ, ಕೀಬೋರ್ಡ್ ಅದ. ಈಗ ಹುಡುಗರು, "ಹಳೇ ಹಾಡಿನ ತಳದ ದನಿ ಬೇಕು, ಐದು ತಂತಿಯ ಬೇಸ್ ಗಿಟಾರ್ ತರೋಣ" ಅಂತಿದ್ದಾರ. ತರೋಣ. ಆದರೆ ಕೂಡಿಸಿದ ರೊಕ್ಕ ಕೂಲಿ ಮಾಡಿದವರದು. ಹೊಸದು ಕೊಳ್ಳೋ ಶಕ್ತಿ ನಮಗಿಲ್ಲ, ಸೆಕೆಂಡ್ ಹ್ಯಾಂಡೇ ತರಬೇಕು. ಅದಕ್ಕೇ ಈ ನಾಲ್ಕು ಮಾತು.

ನಾನು ಒಮ್ಮೆ ಮೋಸ ಹೋದವ. ಬಣ್ಣ ನೋಡಿ ತಂದೆ. ಮನೆಗೆ ಬಂದು ನೋಡಿದರೆ ಕುತ್ತಿಗೆ ತಿರುಚಿತ್ತು. ನನ್ನ ಎರಡು ತಿಂಗಳ ದುಡಿಮೆ ಗೋಡೆಗೆ ತೂಗಾಡಿತು. ಸಂಘದ ರೊಕ್ಕ ಹಾಂಗ ತೂಗಬಾರದು.

ಮೊದಲ ಪ್ರಶ್ನೆ: ಐದು ತಂತಿ ಬೇಕೇ ಬೇಕೇನು? ಅಮೆರಿಕದ ಫೆಂಡರ್ ಕಂಪನಿ 1951ರಲ್ಲಿ ತಂದ ಪ್ರಿಸಿಷನ್ ಬೇಸ್‌ಗೆ ಇದ್ದದ್ದು ನಾಲ್ಕೇ ತಂತಿ. ನಾವು ಮೆಚ್ಚುವ ಹಳೇ ದನಿ ಹೆಚ್ಚಾಗಿ ಆ ನಾಲ್ಕು ತಂತಿಯದೇ. 1983ರ 'ಪಲ್ಲವಿ ಅನುಪಲ್ಲವಿ' ಹಾಡುಗಳನ್ನು ಹೆಡ್‌ಫೋನ್ ಹಾಕಿ ಕೇಳ್ರಿ. ಹಾಡಿನ ಕೆಳಗೆ ಬೇಸ್ ತಾನೇ ಇನ್ನೊಂದು ಹಾಡು ಹಾಡ್ತದ. ಅದನ್ನು ಕಟ್ಟಿದ ಇಳಯರಾಜ ಪಣ್ಣೈಪುರಂ ಎಂಬ ಹಳ್ಳಿಯವರು. ಅಣ್ಣ ಪಾವಲರ್ ವರದರಾಜನ್ ಜೊತೆ ಊರೂರು ತಿರುಗಿ ಸಭೆಗಳಲ್ಲಿ ಹಾಡಿ ಬೆಳೆದವರು.

ಹಾಗಾದರೆ ಐದನೆಯ ತಂತಿ ಯಾಕ? ನಾಲ್ಕು ತಂತಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ವರ ಇ, ಸುಮಾರು 41 ಹರ್ಟ್ಸ್. ನಮ್ಮ ಹಾಡುಗಾರರು ಸಿ, ಡಿ ಸ್ಕೇಲ್ ಹಿಡಿದಾಗ ಆ ಕೆಳಗಿನ ಷಡ್ಜ ಅದರಲ್ಲಿ ಸಿಗೋದಿಲ್ಲ. ಐದನೆಯ ಬಿ ತಂತಿ ಸುಮಾರು 31 ಹರ್ಟ್ಸ್‌ವರೆಗೆ ಇಳಿಯುತ್ತದೆ, ಆಗ ಸಿಗ್ತದ. ಆದರೆ ಅಗ್ಗದ ಗಿಟಾರಿನಲ್ಲಿ ಮೊದಲು ಸೋಲುವುದೂ ಇದೇ ತಂತಿ. ಸಡಿಲ ಹಗ್ಗದಂತೆ ಅಲ್ಲಾಡಿ, ಸ್ವರ ಗೊತ್ತಾಗದೆ ಬರೇ ಗುರ್ ಅನ್ನುತ್ತದೆ. ತಂತಿ ಹಳೇದಾಗಿದ್ದರೆ ಹೊಸದು ಹಾಕಿಸಿ ಕೇಳ್ರಿ. ಆಗಲೂ ಹಾಂಗೇ ಇದ್ದರೆ ಬಿಟ್ಟು ಬರ್ರಿ. ಕೆಟ್ಟ ಐದು ತಂತಿಗಿಂತ ಒಳ್ಳೆ ನಾಲ್ಕು ತಂತಿ ಮೇಲು.

ಅಂಗಡಿಯಲ್ಲೇ ಆಗಲಿ, ಯಾರದೋ ಮನೆಯಲ್ಲೇ ಆಗಲಿ, ಇಷ್ಟು ಮಾಡ್ರಿ. ಒಂದು, ಕೆಳತುದಿಯಿಂದ ಒಂದು ಕಣ್ಣು ಮುಚ್ಚಿ, ಬಡಗಿ ಹಲಗೆ ನೋಡಿದ ಹಾಂಗ ಕುತ್ತಿಗೆ ನೋಡ್ರಿ. ಸ್ವಲ್ಪ ಬಾಗಿದ್ದರೆ ಒಳಗಿನ ಟ್ರಸ್ ರಾಡ್ ತಿರುಗಿಸಿ ಸರಿ ಮಾಡಬಹುದು. ರಾಡ್ ತಿರುಗದಿದ್ದರೆ, ಇಲ್ಲ ಕುತ್ತಿಗೆ ತಿರುಚಿದ್ದರೆ, ಬೇಡ. ಎರಡು, ಪ್ರತಿ ತಂತಿಯನ್ನು ಪ್ರತಿ ಮನೆಯಲ್ಲೂ ಒತ್ತಿ ನುಡಿಸ್ರಿ. ಎಲ್ಲಿ ಕರಕರ ಅಂತದ, ಎಲ್ಲಿ ದನಿ ಸಾಯ್ತದ ಗೊತ್ತಾಗ್ತದ. ಮೂರು, ಪಟ್ಟಿ ಹಾಕಿ ನಿಂತು ನೋಡ್ರಿ. ತಲೆ ಭಾರವಾಗಿ ನೆಲಕ್ಕೆ ವಾಲಿದರೆ ಮೂರು ತಾಸಿನ ಕಾರ್ಯಕ್ರಮದಲ್ಲಿ ಹೆಗಲು ಬಿದ್ದು ಹೋಗ್ತದ. ನಾಲ್ಕು, ವೈರ್ ಹಾಕಿ ಗುಂಡಿ ತಿರುಗಿಸ್ರಿ. ಕರಕರ ಅಂದರೆ, ಜ್ಯಾಕ್ ಸಡಿಲ ಇದ್ದರೆ ಹೆದರಬ್ಯಾಡ್ರಿ, ಅದು ಸಣ್ಣ ರಿಪೇರಿ. ಅದನ್ನೇ ತೋರಿಸಿ ಬೆಲೆ ಇಳಿಸ್ರಿ.

ಒಳಗೆ 9 ವೋಲ್ಟ್ ಬ್ಯಾಟರಿ ಇರೋದು ಆ್ಯಕ್ಟಿವ್. ನುಡಿಸಿದ ಮೇಲೆ ವೈರ್ ಕೀಳದಿದ್ದರೆ ಬ್ಯಾಟರಿ ಖಾಲಿಯಾಗ್ತದ. ನಮಗೆ ಬ್ಯಾಟರಿ ಇಲ್ಲದ ಪ್ಯಾಸಿವ್ ಸಾಕು.

ಹಳೇ ದನಿ ದುಬಾರಿ ಗಿಟಾರಿನಿಂದಷ್ಟೇ ಬರೋದಿಲ್ಲ. ಮೈ ನುಣುಪಾದ ಫ್ಲ್ಯಾಟ್‌ವೂಂಡ್ ತಂತಿ ಹಾಕ್ರಿ. ಬ್ರಿಜ್ ಹತ್ತಿರ ತಂತಿಯ ಕೆಳಗೆ ಒಂದು ತುಂಡು ಸ್ಪಂಜ್ ಇಡ್ರಿ. ಟೋನ್ ಗುಂಡಿ ಇಳಿಸಿ, ಬೆರಳಿನಿಂದ ಮೆತ್ತಗೆ ನುಡಿಸ್ರಿ. ಇನ್ನೊಂದು ಮಾತು: ಮೈಕಿನ ಹಾರ್ನಿನಲ್ಲಿ ಬೇಸ್ ಕೇಳೋದೇ ಇಲ್ಲ. 12 ಇಲ್ಲ 15 ಇಂಚಿನ ಸ್ಪೀಕರ್ ಬೇಕು. ಅದರ ರೊಕ್ಕ ಮೊದಲೇ ತೆಗೆದಿಟ್ಟು, ಉಳಿದದ್ದರಲ್ಲಿ ಗಿಟಾರ್ ನೋಡ್ರಿ.

ನಮ್ಮ ಹಿರಿಯರು ಬೇರೆಯವರು ಕರೆದಾಗ, ಬೇರೆಯವರ ಬಾಗಿಲಲ್ಲಿ ಹಲಗಿ ಬಾರಿಸಿದರು. ಬ್ಯಾಡ ಅನ್ನೋ ಹಕ್ಕು ಅವರಿಗಿರಲಿಲ್ಲ. ಇವತ್ತು ಏನು ನುಡಿಸಬೇಕು, ಎಲ್ಲಿ ನುಡಿಸಬೇಕು ಅನ್ನೋದು ನಾವೇ ಆರಿಸ್ತೀವಿ. ಬೇಸ್ ಬಂತು ಅಂತ ಹಲಗಿ ಮೂಲೆಗೆ ಹಾಕಬ್ಯಾಡ್ರಿ. ಹಲಗಿಯ ಪೆಟ್ಟಿಗೆ ಬೇಸ್ ಹೆಜ್ಜೆ ಕೂಡಿಸಬೇಕು.

ಗಿಟಾರ್ ಒಬ್ಬರ ಮನೆಯದಾಗದೆ ಸಂಘದ ಕೋಣೆಯಲ್ಲಿರಲಿ. ನಮ್ಮ ಹೆಣ್ಣುಮಕ್ಕಳೂ ಹಿಡಿದು ಕಲಿಯಲಿ. ಅದರ ಮೊದಲ ಸ್ವರ ಕೇಳೋಕೆ, ರೊಕ್ಕ ಕೊಟ್ಟ ತಾಯಂದಿರು ಮುಂದಿನ ಸಾಲಿನಲ್ಲಿ ಕೂತಿರಲಿ.

ಜೈ ಭೀಮ್.