ಕೋಡಂಗಿಯಿಂದ ಧೀಂಗಿಣದವರೆಗೆ



ಪುತ್ತೂರು, ಸುಳ್ಯ, ಕಡಬದ ಕಡೆಯಲ್ಲಿ ಆಟ ನೋಡಿ ಬೆಳೆದವರಿಗೆ ಧೀಂಗಿಣ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಭಿಮನ್ಯುವೋ ಬಭ್ರುವಾಹನನೋ ರಂಗಸ್ಥಳಕ್ಕೆ ನುಗ್ಗಿ, ಚೆಂಡೆಯ ಪೆಟ್ಟಿಗೆ ಸರಿಯಾಗಿ ನೆಲ ಬಿಟ್ಟು ಹಾರಿ, ಗಾಳಿಯಲ್ಲೇ ಮೈ ತಿರುಗಿಸಿ ಕಾಲೂರುತ್ತಾನೆ. ಊರಿದ ಕಾಲು ನೆಲ ಕಾಣುವ ಮೊದಲೇ ಮುಂದಿನ ಸುತ್ತು ಆರಂಭವಾಗಿರುತ್ತದೆ. ಎಲ್ಲಿ ಒಂದು ಹೆಜ್ಜೆ ಮುಗಿಯಿತು, ಎಲ್ಲಿ ಇನ್ನೊಂದು ತೊಡಗಿತು ಎಂದು ನೋಡುವವನಿಗೆ ತಿಳಿಯುವುದಿಲ್ಲ. ಮಳೆಗಾಲದ ಕುಮಾರಧಾರೆಯ ಹಾಗೆ ಒಂದೇ ಹರಿವು.

ಕಲಿಯಲು ಬರುವ ಮಗುವಿಗೆ ಬೇಕಾದದ್ದೂ ಈ ಹರಿವೇ. ಮೊದಲು ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬ ತಾಲೂಕಿಗೆ ಸೇರಿದ, ಸುಬ್ರಹ್ಮಣ್ಯದತ್ತ ಹೋಗುವ ರೈಲು ಹಾದಿಯಲ್ಲಿ ಪುಟ್ಟ ನಿಲ್ದಾಣವಿರುವ ಕೋಡಿಂಬಾಳದಂಥ ಊರಿನಿಂದ ಹತ್ತು ವರ್ಷದ ಹುಡುಗನೊಬ್ಬ ನಾಟ್ಯ ತರಗತಿಗೆ ಸೇರಿದ ಎಂದಿಟ್ಟುಕೊಳ್ಳಿ. ಹರಕೆಯಾಟದಲ್ಲಿ ಪುಂಡುವೇಷ ನೋಡಿದ್ದಾನೆ, ಮನೆಯ ಜಗಲಿಯಲ್ಲಿ ಬೈರಾಸು ಸುತ್ತಿಕೊಂಡು ಗಿರ್ಕಿ ಹಾಕಿದ್ದಾನೆ, ಕಂಬಕ್ಕೆ ತಲೆ ಹೊಡೆಸಿಕೊಂಡಿದ್ದಾನೆ. ತರಗತಿಗೆ ಹೋದರೆ ಮೊದಲ ದಿನ ಅವನ ಕಾಲಿಗೆ ಕೆಲಸವೇ ಇಲ್ಲ. ನೆಲದ ಮೇಲೆ ಕೂರಿಸಿ ಕೈಯಲ್ಲಿ ತಾಳ ಹಾಕಿಸುತ್ತಾರೆ, ಬಾಯಲ್ಲಿ ಬಾಯಿತಾಳ ಹೇಳಿಸುತ್ತಾರೆ. ಏಕತಾಳಕ್ಕೆ ನಾಲ್ಕು, ರೂಪಕಕ್ಕೆ ಆರು. ತ್ರಿವುಡೆ ಬಂದಾಗ ತೊಡಕು ಶುರು. ಅದರ ಏಳು ಮಾತ್ರೆಯನ್ನು ತಕಿಟ, ತಕಧಿಮಿ ಎಂದು ಮೂರೂ ನಾಲ್ಕೂ ಆಗಿ ಮುರಿದು ಹೇಳಬೇಕು. ಶಾಲೆಯ ಮಗ್ಗಿಯೂ ಸಿನಿಮಾ ಹಾಡೂ ಸಮಸಂಖ್ಯೆಗೆ ಒಗ್ಗಿಸಿದ ಕಿವಿಗೆ ಈ ಏಳು ಬೇಗ ಹತ್ತುವುದಿಲ್ಲ. ಆರಕ್ಕೇ ನಿಲ್ಲುತ್ತಾನೆ, ಇಲ್ಲವೇ ಎಂಟಕ್ಕೆ ಎಳೆಯುತ್ತಾನೆ.

ಇದನ್ನು ದಾಟಿದ ಮೇಲೆ ನಿಲುವು. ಪಾದಗಳನ್ನು ಅಗಲಿಸಿ, ಮಂಡಿ ಬಗ್ಗಿಸಿ, ಬೆನ್ನು ನೇರ ಇಟ್ಟು ನಿಲ್ಲಬೇಕು. ಹೇಳಲು ಸುಲಭ, ಐದು ನಿಮಿಷ ನಿಂತರೆ ತೊಡೆ ನಡುಗುತ್ತದೆ. ಆ ನಿಲುವಿನಲ್ಲೇ, ಇದ್ದ ಜಾಗದಲ್ಲೇ, ನಿಧಾನ ಕಾಲದಲ್ಲಿ ಒಂದೊಂದೇ ಹೆಜ್ಜೆ. ಅನಂತರ ಅದೇ ಹೆಜ್ಜೆ ಇಮ್ಮಡಿ ವೇಗದಲ್ಲಿ. ಅನಂತರ ಮುಕ್ತಾಯ, ಅಂದರೆ ಕುಣಿತದ ತುಂಡೊಂದನ್ನು ತಾಳದ ಸರಿಯಾದ ಪೆಟ್ಟಿಗೆ ತಂದು ಮುಗಿಸುವ ಕೆಲಸ. ಹೊಸಬರು ಎಡವುವುದು ಇಲ್ಲೇ. ಓಡುವುದು ಎಲ್ಲರಿಗೂ ಬರುತ್ತದೆ. ಓಡುತ್ತಿದ್ದವನು ಗೆರೆಯ ಮೇಲೆ ತಟಕ್ಕನೆ ನಿಲ್ಲಬೇಕೆಂದರೆ ಗೆರೆ ಎಲ್ಲಿದೆ ಎಂಬುದು ಓಡುವಾಗಲೇ ಗೊತ್ತಿರಬೇಕು. ಕೈಗಳ ಸರದಿ ಇನ್ನೂ ಆಮೇಲೆ. ಕಾಲು ಕಲಿತವನಿಗೆ ಕೈ ಕೊಟ್ಟ ಕೂಡಲೇ ಕಾಲು ಮರೆತುಹೋಗುತ್ತದೆ. ವಾರಗಟ್ಟಲೆ ಹಿಂದೆ ಹೋದಂತೆ ಕಾಣುತ್ತದೆ. ಮನೆಯವರು ಆಗಲೇ ಕೇಳುತ್ತಾರೆ: ‘ಇಷ್ಟು ದಿನ ಹೋಗಿ ಏನು ಕಲಿತದ್ದು ಮಾರಾಯ?’

ದೂರದ ಇನ್ನೊಂದು ಕುಣಿತವನ್ನು ಇಲ್ಲಿ ಪಕ್ಕಕ್ಕಿಟ್ಟು ನೋಡಬಹುದು. 1990ರ ದಶಕದಲ್ಲಿ ಅಮೆರಿಕದ ರೇವ್ ಎಂಬ ರಾತ್ರಿ ಸಂಗೀತ ಕೂಟಗಳಲ್ಲಿ ‘ಲಿಕ್ವಿಡ್’ ಎಂಬ ನೃತ್ಯ ರೂಪುಗೊಂಡಿತು. ಹೆಸರೇ ಹೇಳುವಂತೆ ನೀರಾಗುವುದು ಅದರ ಗುರಿ. ಬೆರಳು, ಅಂಗೈ, ತೋಳುಗಳು ಎಲುಬೇ ಇಲ್ಲವೇನೋ ಎಂಬಂತೆ ಹರಿಯುತ್ತವೆ. ಅದನ್ನು ಕಲಿಯುವವನಿಗೂ ಹರಿವು ಮೊದಲ ದಿನ ಸಿಗುವುದಿಲ್ಲ. ಬೆರಳಿನ ಗಂಟು, ಮಣಿಕಟ್ಟು, ಮೊಣಕೈ, ಭುಜ ಎಂದು ಒಂದೊಂದೇ ಕೀಲನ್ನು ಬೇರೆಬೇರೆಯಾಗಿ ಎತ್ತಿ ಇಳಿಸಿ ಅಲೆ ಹಾಯಿಸಬೇಕು. ಒಂದು ಕೈ ಹೋದ ದಾರಿಯಲ್ಲೇ ಇನ್ನೊಂದು ಕೈ ಹಿಂಬಾಲಿಸಬೇಕು. ತಿಂಗಳುಗಟ್ಟಲೆ ಕನ್ನಡಿಯ ಮುಂದೆ ಯಂತ್ರದ ಗೊಂಬೆಯಂತೆ ಕೈಯಾಡಿಸಿದ ಮೇಲೆ ಕೀಲುಗಳ ನಡುವಿನ ಸಂದು ಮುಚ್ಚಿಕೊಳ್ಳುತ್ತದೆ. ಅಲ್ಲಿ ಗುರುಕುಲವಿಲ್ಲ, ಪಠ್ಯವಿಲ್ಲ. ಕೂಟದಲ್ಲಿ ಒಬ್ಬರನ್ನೊಬ್ಬರು ನೋಡಿ, ವಿಡಿಯೊ ನೋಡಿ ಕಲಿತವರೇ ಹೆಚ್ಚು.

ಎರಡಕ್ಕೂ ವ್ಯತ್ಯಾಸ ಇರುವುದು ಹಿಮ್ಮೇಳದಲ್ಲಿ. ಲಿಕ್ವಿಡ್ ಹುಟ್ಟಿದ್ದೇ ಯಂತ್ರ ಬಾರಿಸುವ ತಾಳಕ್ಕೆ. ಆ ತಾಳ ಯಾರನ್ನೂ ನೋಡುವುದಿಲ್ಲ, ಯಾರಿಗೂ ಕಾಯುವುದಿಲ್ಲ. ಕುಣಿಯುವವನೂ ಅದನ್ನು ನಿರೀಕ್ಷಿಸುವುದಿಲ್ಲ. ತೆಂಕುತಿಟ್ಟಿನಲ್ಲಿ ಹಾಗಲ್ಲ. ಭಾಗವತರ ಕೈಯಲ್ಲಿ ಜಾಗಟೆ, ಪಕ್ಕದಲ್ಲಿ ಚಕ್ರತಾಳ, ಮದ್ದಳೆ, ನಿಂತು ಬಾರಿಸುವ ಚೆಂಡೆ. ಚೆಂಡೆಯವನ ಕಣ್ಣು ವೇಷಧಾರಿಯ ಕಾಲಿನ ಮೇಲೆ, ವೇಷಧಾರಿಯ ಕಿವಿ ಚೆಂಡೆಯ ಮೇಲೆ. ಸುತ್ತು ಇನ್ನೆರಡು ಬೇಕೆಂದು ಕಂಡರೆ ಚೆಂಡೆ ಎಳೆದುಕೊಡುತ್ತದೆ. ಉಸಿರು ಕಟ್ಟಿತೆಂದು ಕಂಡರೆ ಮುಕ್ತಾಯಕ್ಕೆ ತರುತ್ತದೆ. ಇಂದು ಮನೆಯಲ್ಲಿ ಅಭ್ಯಾಸ ಮಾಡುವ ಮಗುವಿನ ಎದುರು ಮೊಬೈಲಿನಲ್ಲಿ ಮುದ್ರಿತ ಚೆಂಡೆ ಕೇಳುತ್ತಿರುತ್ತದೆ. ಅದು ಇಲ್ಲದಿರುವುದಕ್ಕಿಂತ ಮೇಲು, ನಿಜ. ಆದರೆ ತನ್ನನ್ನು ನೋಡದ ತಾಳಕ್ಕೆ ಒಗ್ಗಿದ ಮಗು ರಂಗಸ್ಥಳದಲ್ಲಿ ಹಿಮ್ಮೇಳದ ಕಡೆ ಕಿವಿಗೊಡುವುದನ್ನೇ ಬಿಡುತ್ತದೆ. ಕಲಿತ ಪಾಠ ಒಪ್ಪಿಸಿ ಒಳಗೆ ಹೋಗುತ್ತದೆ.

ಹಾಗಾದರೆ ಹಿಂದಿನವರು ಎಲ್ಲಿ ಕಲಿತರು? ಉತ್ತರ ಆಟದ ಒಳಗೇ ಇದೆ, ಮತ್ತು ಈ ಮಾತಿನ ಮುಖ್ಯ ವಿಷಯವೂ ಅದೇ.

ತೆಂಕಿನ ಆಟಕ್ಕೆ ಪೂರ್ವರಂಗ ಎಂಬ ಭಾಗವುಂಟು. ಪ್ರಸಂಗ ಆರಂಭವಾಗುವ ಮೊದಲು ನಡೆಯುವ ಕುಣಿತಗಳ ಸಾಲು ಅದು. ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲರು, ಷಣ್ಮುಖ ಸುಬ್ರಾಯ, ಅರ್ಧನಾರೀಶ್ವರ, ಮುಖ್ಯ ಸ್ತ್ರೀವೇಷ. ಮೇಳದಿಂದ ಮೇಳಕ್ಕೆ ಅಷ್ಟಿಷ್ಟು ವ್ಯತ್ಯಾಸ. ಪ್ರೇಕ್ಷಕರ ಪಾಲಿಗೆ ಇದು ಊಟ ಮುಗಿಸಿ, ಟಾರ್ಚ್ ಹುಡುಕಿ, ಚಾಪೆ ಸುತ್ತಿಕೊಂಡು ಗದ್ದೆಯ ಕಡೆ ಹೊರಡುವ ಹೊತ್ತು. ಪೂರ್ವರಂಗವನ್ನು ಶಾಸ್ತ್ರವೆಂದು ವಿವರಿಸಿದವರು ಹಲವರಿದ್ದಾರೆ. ಆದರೆ ಅದು ಶಾಲೆಯೂ ಹೌದು ಎಂಬುದನ್ನು ಹೇಳುವವರು ಕಡಿಮೆ.

ಮೇಳ ಸೇರಿದ ಹುಡುಗನ ಮೊದಲ ವೇಷ ಕೋಡಂಗಿ. ಕಿರೀಟವಿಲ್ಲ, ಮಾತಿಲ್ಲ, ಕತೆಯಿಲ್ಲ. ಹಿಮ್ಮೇಳದ ಎದುರು ಬಂದು ತಾಳಕ್ಕೆ ಕುಣಿದು ಹೋದರಾಯಿತು. ತಪ್ಪಿದರೆ ನಗಲು ಎದುರಿಗೆ ಜನವೇ ಬಂದಿರುವುದಿಲ್ಲ. ಆದರೆ ಬಾರಿಸುವುದು ನಿಜವಾದ ಚೆಂಡೆ, ಎದುರಿಗಿರುವುದು ನಿಜವಾದ ದೀಪ. ತಪ್ಪಲು ಇಷ್ಟು ಜಾಗವನ್ನು ಆಟದ ಒಳಗೇ ಕಟ್ಟಿಕೊಟ್ಟ ಕಲೆಗಳು ಹೆಚ್ಚಿಲ್ಲ. ಕೋಡಂಗಿ ಎಂಬ ಮಾತು ನಮ್ಮಲ್ಲಿ ಬೈಗುಳವಾಗಿ ಉಳಿದಿರುವುದು ಆ ವೇಷಕ್ಕೆ ಮಾಡಿದ ಅನ್ಯಾಯವೇ ಸರಿ.

ಹೆಜ್ಜೆ ಕುದುರಿದ ಹುಡುಗನಿಗೆ ಬಾಲಗೋಪಾಲ. ಈಗ ಜೊತೆಗೊಬ್ಬನಿದ್ದಾನೆ, ಇಬ್ಬರ ಕಾಲೂ ಒಟ್ಟಿಗೆ ಬೀಳಬೇಕು. ಮುಂದಕ್ಕೆ ಸ್ತ್ರೀವೇಷದ ಲಾಲಿತ್ಯ. ಆಮೇಲೆ ಪ್ರಸಂಗದೊಳಗೆ ಬಲದವನೋ ದೂತನೋ ಆಗಿ ಒಂದೆರಡು ಮಾತು. ಇಷ್ಟಾಗುವಾಗ ಒಂದೆರಡು ತಿರುಗಾಟ, ಅಂದರೆ ದೀಪಾವಳಿಯ ಆಚೀಚೆ ಹೊರಟ ಮೇಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗಿನ ಅವಧಿಗಳು ಕಳೆದಿರುತ್ತವೆ. ರಾತ್ರಿ ಕುಣಿದು ಮುಗಿಸಿದ ಹುಡುಗ ಚೌಕಿಯಲ್ಲಿ ಹಿರಿಯರಿಗೆ ಬೇಕಾದ್ದು ತಂದುಕೊಡುತ್ತಾ, ತೂಕಡಿಸುತ್ತಾ, ಬೆಳಗಿನ ಜಾವದ ಬಣ್ಣದ ವೇಷದ ಅಬ್ಬರಕ್ಕೆ ಬೆಚ್ಚಿ ಎದ್ದು ನೋಡುತ್ತಾ ಕಲಿಯುತ್ತಿದ್ದ. ಈ ಕಲಿಕೆಯನ್ನು ಹೊಗಳುವ ಭರದಲ್ಲಿ ಅದರ ಕಷ್ಟ ಮುಚ್ಚಿಡಬಾರದು. ನಿದ್ದೆಯಿಲ್ಲ, ಶಾಲೆ ಅರ್ಧಕ್ಕೆ ನಿಂತಿತು, ಸಂಬಳ ಎಂಬುದು ಹೆಸರಿಗೆ. ಬಡತನವೇ ಎಷ್ಟೋ ಮಕ್ಕಳನ್ನು ಚೌಕಿಗೆ ತಂದು ಬಿಟ್ಟಿತ್ತು.

ಮಳೆಗಾಲದಲ್ಲಿ ಗುರುಗಳ ಮನೆಯ ಪಾಠ. ಕುರಿಯ ವಿಠಲ ಶಾಸ್ತ್ರಿಯವರು ಭರತನಾಟ್ಯವನ್ನೂ ಅಭ್ಯಾಸ ಮಾಡಿ ತೆಂಕಿನ ಕುಣಿತಕ್ಕೆ ಒಪ್ಪ ಕೊಟ್ಟವರು. ಸೂರಿಕುಮೇರಿ ಗೋವಿಂದ ಭಟ್ಟರು ಅವರ ಶಿಷ್ಯರು. ಹೆಜ್ಜೆಗಾರಿಕೆಯನ್ನು ಕ್ರಮವಾಗಿ ಕಲಿಸಿದವರೆಂದರೆ ಪಡ್ರೆ ಚಂದು ಅವರ ಹೆಸರು ಮೊದಲು ಬರುತ್ತದೆ. 1970ರ ದಶಕದಲ್ಲಿ ಧರ್ಮಸ್ಥಳದಲ್ಲಿ ತರಬೇತಿ ಕೇಂದ್ರ ನಡೆದಾಗ ಅಲ್ಲಿ ಪಾಠ ಹೇಳಿದವರು ಅವರು. ಗಡಿಯಾಚೆ ಕಾಸರಗೋಡಿನ ಪೆರ್ಲದಲ್ಲಿ ಅವರ ಹೆಸರಿನಲ್ಲೇ ನಾಟ್ಯ ತರಬೇತಿ ಕೇಂದ್ರವುಂಟು. ಧೀಂಗಿಣದ ಮಾತು ಬಂದಾಗ ಧರ್ಮಸ್ಥಳ ಮೇಳದಲ್ಲಿ ದೀರ್ಘಕಾಲ ಪುಂಡುವೇಷ ಮಾಡಿದ, 2021ರಲ್ಲಿ ತೀರಿಕೊಂಡ ಪುತ್ತೂರು ಶ್ರೀಧರ ಭಂಡಾರಿಯವರನ್ನು ನೆನೆಯದಿರಲು ಆಗದು. ವಯಸ್ಸಾದ ಮೇಲೂ ಅವರ ಸುತ್ತುಗಳನ್ನು ಎಣಿಸಲೆಂದೇ ಜನ ಎದ್ದು ಕೂರುತ್ತಿದ್ದರು. ಎಣಿಸಿದವರಿಗೆ ಸುತ್ತು ಕಂಡಿತು. ಸುತ್ತು ಎಷ್ಟೇ ಆದರೂ ತಾಳದಿಂದ ಜಾರದ ಕಾಲು ಎಷ್ಟು ಮಂದಿಗೆ ಕಂಡಿತೋ.

ಈಗ ಈ ಏಣಿಯ ಕೆಳಗಿನ ಮೆಟ್ಟಿಲುಗಳಿಗೆ ಏನಾಗಿದೆ ನೋಡಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ತಡೆಯೊಡ್ಡುವ ಶಬ್ದಮಾಲಿನ್ಯ ನಿಯಮ 2000ರಲ್ಲೇ ಬಂದಿತು. ಮರುದಿನ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರಿಗೂ ಇರುಳಿಡೀ ಕೂರುವ ವ್ಯವಧಾನ ಉಳಿದಿಲ್ಲ. ಹಲವು ಮೇಳಗಳು ಕಾಲಮಿತಿಗೆ ಬಂದವು. ಆಟ ಸಂಜೆ ಆರಂಭವಾಗಿ ನಡುರಾತ್ರಿಗೆ ಮುಗಿಯಬೇಕೆಂದರೆ ಏನನ್ನಾದರೂ ಬಿಡಬೇಕು. ಪ್ರಸಂಗ ಬಿಡುವಂತಿಲ್ಲ, ಹೆಸರಾಂತ ವೇಷಧಾರಿಯ ಪದ್ಯ ಬಿಡುವಂತಿಲ್ಲ. ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ. ಪ್ರೇಕ್ಷಕರಿಂದ ದೂರೇನೂ ಬರಲಿಲ್ಲ. ಅವರು ಮೊದಲೂ ಅದನ್ನು ನೋಡುತ್ತಿರಲಿಲ್ಲವಲ್ಲ! ಕಾಲಮಿತಿಯನ್ನು ದೂಷಿಸಿ ಫಲವಿಲ್ಲ. ಕಲಾವಿದರಿಗೆ ಅದರಿಂದ ನಿದ್ದೆ ಸಿಕ್ಕಿತು, ಅದು ಸಣ್ಣ ಮಾತಲ್ಲ. ಆದರೆ ಹೊಸಬ ಹೆಜ್ಜೆ ತಪ್ಪಲು ಇದ್ದ ಹೊತ್ತು ಯಾರ ಲೆಕ್ಕಕ್ಕೂ ಬಾರದೆ ಹೋಯಿತು.

ಕಲಿಯುವವರು ಕಡಿಮೆಯಾಗಿದ್ದಾರೆ ಎಂದಲ್ಲ. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್, ಯಕ್ಷಧ್ರುವ ಪಟ್ಲ ಫೌಂಡೇಶನ್ ಮುಂತಾದ ಸಂಸ್ಥೆಗಳು ಶಾಲೆಗಳಲ್ಲೇ ನಾಟ್ಯ ಕಲಿಸುತ್ತಿವೆ. ಭಜನಾ ಮಂದಿರ, ದೇವಸ್ಥಾನದ ಸಭಾಭವನಗಳಲ್ಲಿ ಭಾನುವಾರದ ತರಗತಿಗಳು ನಡೆಯುತ್ತವೆ. ಹಿಂದೆ ಮೇಳದ ಹತ್ತಿರ ಸುಳಿಯಲಾಗದಿದ್ದ ಮನೆಗಳ ಮಕ್ಕಳು, ಮುಖ್ಯವಾಗಿ ಹೆಣ್ಣುಮಕ್ಕಳು, ಗೆಜ್ಜೆ ಕಟ್ಟುತ್ತಿದ್ದಾರೆ. ತೊಂದರೆ ಇರುವುದು ಕಲಿಕೆಯ ಕ್ರಮದಲ್ಲಿ. ವರ್ಷದ ಕೊನೆಗೆ ಶಾಲಾ ವಾರ್ಷಿಕೋತ್ಸವ. ಅಲ್ಲಿ ಒಂದು ಗಂಟೆಯ ಪ್ರಸಂಗ ಆಗಲೇಬೇಕು. ನೇರ ಅಭಿಮನ್ಯುವಿನ ವೇಷಕ್ಕೇ ತಯಾರಿ. ಮುನ್ನೂರು ಜನ ಮೊಬೈಲು ಎತ್ತಿ ಹಿಡಿದಿರುವ ಸಭೆಯಲ್ಲಿ ಮೊದಲ ವೇಷ, ಮೊದಲ ಚೆಂಡೆ, ಮೊದಲ ಕಿರೀಟ ಎಲ್ಲ ಒಂದೇ ಸಂಜೆ. ದಗಲೆ, ಇಜಾರು, ಭುಜಕೀರ್ತಿ, ವೀರಕಸೆ ಕಟ್ಟಿದ ಮೈ ಅಭ್ಯಾಸದ ಮೈ ಅಲ್ಲ. ತೋಳು ಎತ್ತಿದಷ್ಟು ಏಳುವುದಿಲ್ಲ, ಕಿರೀಟದ ಬಿಗಿತಕ್ಕೆ ಹಣೆ ನೋಯುತ್ತದೆ, ಮೈಕಿನ ಗದ್ದಲಕ್ಕೆ ತಾಳ ಕೇಳಿಸುವುದಿಲ್ಲ. ಮಗು ಮಾಡುವ ಉಪಾಯ ಒಂದೇ: ಹೆಜ್ಜೆ ಬಿಟ್ಟು ಗಿರ್ಕಿ ಹೊಡೆಯುವುದು. ಗಿರ್ಕಿಗೆ ಚಪ್ಪಾಳೆ ಬೀಳುತ್ತದೆ. ಚಪ್ಪಾಳೆ ಬಿದ್ದದ್ದನ್ನು ಯಾವ ಮಗು ತಾನೇ ಬಿಟ್ಟೀತು?

ಹಾಗೆ ಬೆಳೆದ ಕುಣಿತದಲ್ಲಿ ವೇಗ ಇರುತ್ತದೆ, ಹರಿವು ಇರುವುದಿಲ್ಲ. ನೋಡಿದರೆ ಗೊತ್ತಾಗುತ್ತದೆ: ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಕಾಲು ತಡಕಾಡುತ್ತದೆ, ಮುಕ್ತಾಯ ಒಂದು ಪೆಟ್ಟು ಮೊದಲೇ ಬರುತ್ತದೆ, ಚೆಂಡೆಯವನು ಹೇಗೋ ಮುಚ್ಚಿಹಾಕುತ್ತಾನೆ. ಮಂಡಿಯ ನೋವು ಬೇರೆ. ಗಟ್ಟಿ ಸಿಮೆಂಟು ನೆಲದ ಮೇಲೆ, ನಿಲುವು ಪಕ್ವವಾಗದ ಕಾಲಿನಲ್ಲಿ ಹಾರಿ ಹಾರಿ ಊರಿದರೆ ಆ ಪೆಟ್ಟು ಹೋಗುವುದೇ ಮಂಡಿಗೆ. ಹಿಂದಿನವರ ಕಾಲಡಿಯಲ್ಲಿದ್ದದ್ದು ಕೊಯ್ಲು ಮುಗಿದ ಗದ್ದೆಯ ಮಣ್ಣು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಅವರ ಪಾಲಿಗೆ ತರಗತಿಯ ಆಚೆ ಏಣಿಯೇ ಇಲ್ಲ. ವೃತ್ತಿ ಮೇಳಗಳ ತಿರುಗಾಟದಲ್ಲಿ ವೇಷ ಕಟ್ಟುವವರು ಬಹುಮಟ್ಟಿಗೆ ಗಂಡಸರೇ. 2024ರ ಡಿಸೆಂಬರಿನಲ್ಲಿ ತೀರಿಕೊಂಡ ಲೀಲಾವತಿ ಬೈಪಾಡಿತ್ತಾಯರು ಭಾಗವತರಾಗಿ ವೃತ್ತಿ ಮೇಳದಲ್ಲಿ ಹಾಡಿ ಆ ಬಾಗಿಲನ್ನು ತೆರೆದರು. ಅದು ಹಾಡಿನ ಬಾಗಿಲು. ಕುಣಿತದವರಿಗೆ ಮಹಿಳಾ ತಂಡಗಳಿವೆ, ಅವುಗಳಿಗೆ ವರ್ಷದಲ್ಲಿ ಸಿಗುವ ಆಟಗಳು ಲೆಕ್ಕದವು. ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ತ್ರಿವುಡೆ ಹಿಡಿದ ಹುಡುಗಿ ಹತ್ತನೇ ತರಗತಿಯ ಪರೀಕ್ಷೆಗೆ ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ಅಪರೂಪ.

ಕೆಲವು ಮಕ್ಕಳ ತಂಡಗಳು ಈಗ ಪ್ರಸಂಗದ ಬದಲು ಪೂರ್ವರಂಗವನ್ನೇ ಒಂದು ಪ್ರದರ್ಶನವಾಗಿ ಮಾಡುತ್ತಿವೆ. ಕೇಳಿದರೆ ಸಣ್ಣ ಬದಲಾವಣೆ ಅನ್ನಿಸಬಹುದು. ಆದರೆ ಅಲ್ಲಿ ಆರೇಳು ವರ್ಷದವರಿಗೂ ಒಂದು ವೇಷ ಸಿಗುತ್ತದೆ, ಮಾತು ಬಾಯಿಪಾಠ ಮಾಡಬೇಕಾಗಿಲ್ಲ, ಬಾಡಿಗೆ ಕಿರೀಟಕ್ಕೆ ದುಡ್ಡು ಹೊಂದಿಸಬೇಕಾಗಿಲ್ಲ. ಚೆಂಡೆಯವನಿಗೆ ಮಾತ್ರ ಸಂಭಾವನೆ ಕೊಟ್ಟು ಕರೆಸಬೇಕು. ಆ ಖರ್ಚನ್ನು ಉಳಿಸಲು ಹೋಗಿ ಮೊಬೈಲಿನ ಚೆಂಡೆ ಹಾಕಿದರೆ ಮಾಡಿದ್ದೆಲ್ಲ ನೀರಿಗೆ ಹೋದಂತೆಯೇ. ಹೆತ್ತವರಲ್ಲಿ ಕೆಲವರು ಮುಖ ಸಿಂಡರಿಸುತ್ತಾರೆ: ‘ನಮ್ಮ ಹುಡುಗನಿಗೆ ಕೋಡಂಗಿಯಾ?’ ಕಲಿಸುವವರು ಗಟ್ಟಿಗರಾದರೆ ‘ಹೌದು, ಈ ವರ್ಷ ಕೋಡಂಗಿಯೇ’ ಎನ್ನುತ್ತಾರೆ.