ಕಾಗದದ ಗಿರಣಿಯ ದುಡಿಮೆ
(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಷೇರು ಎಷ್ಟು, ಠೇವಣಿ ಎಷ್ಟು, ಸಾಲ ವಸೂಲಿ ಎಷ್ಟು ಎಂಬುದನ್ನು ಕಾರ್ಯದರ್ಶಿಗಳು ಈಗಾಗಲೇ ಓದಿ ಹೇಳಿದ್ದಾರೆ. ಅದನ್ನೇ ನಾವು ಮತ್ತೆ ಹೇಳಿದರೆ ನೀವು ಎದ್ದು ಊಟದ ಪಂಗತಿಗೆ ಹೋಗುವಿರಿ. ಆದ್ದರಿಂದ ಬೇರೆ ಮಾತು ಆಡುತ್ತೇವೆ. ನಮ್ಮ ಅಫಜಲಪುರ ತಾಲೂಕಿನಲ್ಲಿ ತೊಗರಿ ರಾಶಿ ಮುಗಿಯಿತೆಂದರೆ ಹುಡುಗರು ಗಂಟು ಕಟ್ಟುತ್ತಾರೆ. ಸೊಲ್ಲಾಪುರ, ಪುಣೆ, ಮುಂಬಯಿ ಇವು ನಮ್ಮ ಅಪ್ಪಂದಿರ ಕಾಲದಿಂದ ಗೊತ್ತಿದ್ದ ಊರುಗಳು. ಈಗ ಕೆಲವರು ಮುಕಾದಮರ ಕೈಯಲ್ಲಿ ಮುಂಗಡ ಹಿಡಿದು ಕಾಗದದ ಗಿರಣಿಗೂ, ಕಟ್ಟಿಗೆ ಸೀಳುವ ಸಾಮಿಲ್ಲಿಗೂ ಹೊಂಟಾರ. ಅಲ್ಲಿ ದುಡಿದು ಬಂದವರು ಈ ಸಭೆಯಲ್ಲಿ ನಾವು ಐದಾರು ಮಂದಿ ಇದ್ದೇವೆ. ನಾವು ಕಂಡದ್ದನ್ನು, ಆಮೇಲೆ ಓದಿ ಕೇಳಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ಕಾಗದವೆಂದರೆ ನಮ್ಮ ಸಂಘಕ್ಕೆ ಜೀವ. ಪಹಣಿ, ಪಾಸ್‌ಬುಕ್ಕು, ರಸೀದಿ, ಠರಾವು ವಹಿ ಎಲ್ಲವೂ ಕಾಗದ. ಅದು ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಕರ್ನಾಟಕದಲ್ಲಿ ಮೊದಲು ಹೇಳಬೇಕಾದ ಹೆಸರು ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1936ರಲ್ಲಿ, ಭದ್ರಾ ನದಿಯ ದಂಡೆಗೆ ಅದು ಸ್ಥಾಪನೆಯಾಯಿತು. 1977ರಲ್ಲಿ ಸರಕಾರಿ ಕಂಪನಿಯಾಯಿತು. ವೃತ್ತಪತ್ರಿಕೆಗಳ ಕಾಗದ ಮಾಡಿತು, ಪಕ್ಕದಲ್ಲೇ ಸಕ್ಕರೆ ಕಾರ್ಖಾನೆಯನ್ನೂ ನಡೆಸಿತು. ಅಲ್ಲಿ ಕಾಯಂ ಕಾಮಗಾರನಾದವನಿಗೆ ಮನೆ, ದವಾಖಾನೆ, ಮಕ್ಕಳಿಗೆ ಶಾಲೆ ಇದ್ದವು. ಅಂಥಾ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕಾಯಂ ನೌಕರನಿಗಾದರೂ ಲೆಕ್ಕ ಚುಕ್ತಾ ಅಂತ ಒಂದು ಇರುತ್ತದೆ. ಗುತ್ತಿಗೆಯ ಕೂಲಿಯವನಿಗೆ ಗೇಟು ಮುಚ್ಚಿದ ದಿನವೇ ಊಟ ಮುಚ್ಚುತ್ತದೆ. ಈ ಎರಡು ಜಾತಿಯ ದುಡಿಮೆಯ ನಡುವಿನ ಅಂತರವನ್ನು ನೀವು ಮನಸ್ಸಿನಲ್ಲಿಡಿರಿ, ಮುಂದೆ ಬೇಕಾಗುತ್ತದೆ.

ಎರಡನೆಯದು ದಾಂಡೇಲಿ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲು 1955ರಲ್ಲಿ ಹುಟ್ಟಿದ್ದು, ಕಾಳಿ ನದಿಯ ನೀರು, ಕಾರವಾರ ಜಿಲ್ಲೆಯ ಬಿದಿರು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು 1970ರ ದಶಕದಲ್ಲಿ ಆ ಬಿದಿರನ್ನು ಅಭ್ಯಾಸ ಮಾಡಿದರು. ಗಿರಣಿಗೆ ಮೊದಲು ಬಿದಿರು ಸಿಕ್ಕಿದ್ದು ಟನ್ನಿಗೆ ಒಂದೂವರೆ ರೂಪಾಯಿಯಂತೆ ಎಂದು ಅವರು ಬರೆದಿದ್ದಾರೆ. ಅದೇ ಬಿದಿರಿನಿಂದ ಬುಟ್ಟಿ ಹೆಣೆಯುವ ಮೇದಾರನು ಪೇಟೆಯಲ್ಲಿ ಎಷ್ಟೋ ಪಟ್ಟು ಹೆಚ್ಚು ಕೊಡಬೇಕಿತ್ತು. ಇನ್ನೊಂದು ಮಾತು ರೈತರಾದ ನಮಗೆ ಬೇಗ ತಿಳಿಯುವಂಥದ್ದು. ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ಇರುತ್ತದೆ. ಕಡಿಯಲು ಸಲೀಸಾಗಲೆಂದು ಅದನ್ನು ಸವರಿ ಹಾಕುತ್ತಿದ್ದರು. ಮುಳ್ಳು ಹೋದಮೇಲೆ ಎಳೆಯ ಮೊಳಕೆಯನ್ನು ದನ ಮೇಯ್ದವು, ಕಾಡುಪ್ರಾಣಿ ತಿಂದವು, ಮೆಳೆ ಮತ್ತೆ ಚಿಗುರಲಿಲ್ಲ. ಹೊಲದ ಬೇಲಿ ಕಿತ್ತವನ ಜೋಳ ಉಳಿದೀತೇ?

ಮುಂದೆ ನೀಲಗಿರಿ ಬಂತು. ತುಂಗಭದ್ರೆಯ ದಂಡೆಗೆ ಕುಮಾರಪಟ್ಟಣದಲ್ಲಿ ರೇಯಾನ್ ನೂಲಿಗೆ ಬೇಕಾದ ಪಲ್ಪು ಮಾಡುವ ಹರಿಹರ ಪಾಲಿಫೈಬರ್ಸ್ ಇತ್ತು. ಅದಕ್ಕೆ ಕಟ್ಟಿಗೆ ಬೆಳೆಯಲು 1984ರಲ್ಲಿ ಸರಕಾರವೂ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆ ಮಾಡಿ, ಹಳ್ಳಿಗಳ ಪಾಲಿನ ಸಾವಿರಾರು ಎಕರೆ ಸಿ ಮತ್ತು ಡಿ ವರ್ಗದ ಭೂಮಿಯನ್ನು ಕೊಡಲು ಹೊರಟಿತು. ದನ ಮೇಯುವ ಭೂಮಿ ಹೋದರೆ ರೈತನು ಅದೇ ಭೂಮಿಯಲ್ಲಿ ಸಸಿ ನೆಡುವ ಕೂಲಿಯಾಗುತ್ತಾನೆ. ಹಾನಗಲ್ ತಾಲೂಕಿನ ಕುಸನೂರಿನ ಜನ ಇದನ್ನು ಒಪ್ಪಲಿಲ್ಲ. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದೊಡನೆ ಸೇರಿ 1987ರ ನವೆಂಬರ್ 14ರಂದು 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಮಾಡಿದರು. ನೀಲಗಿರಿ ಕಿತ್ತರು, ತಮಗೆ ಬೇಕಾದ ಗಿಡ ಹಚ್ಚಿದರು. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚಬೇಕಾಯಿತು. ಇದು ಪುಸ್ತಕದ ಮಾತಾಯಿತು. ಇನ್ನು ಒಳಗಿನ ಕೆಲಸಕ್ಕೆ ಬರೋಣ.

ದೊಡ್ಡ ಗಿರಣಿಯಲ್ಲಿ ಕಟ್ಟಿಗೆಯ ತೊಗಟೆ ಬಿಡಿಸಿ, ಚಿಪ್ಪರ್ ಎಂಬ ಯಂತ್ರಕ್ಕೆ ಕೊಟ್ಟು ಸಣ್ಣ ಚೂರು ಮಾಡುತ್ತಾರೆ. ಆ ಚೂರನ್ನು ಡೈಜೆಸ್ಟರ್ ಎಂಬ ದೊಡ್ಡ ಮುಚ್ಚಿದ ಹಂಡೆಯಲ್ಲಿ ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡು ಹಾಕಿ, ಸುಮಾರು 160–170 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ತಾಸುಗಟ್ಟಲೆ ಬೇಯಿಸುತ್ತಾರೆ. ಬೆಂದ ಮೇಲೆ ಬಿಡುವ ಕರಿ ನೀರನ್ನು ಬಾಯ್ಲರಿನಲ್ಲಿ ಸುಟ್ಟು ಔಷಧ ಮರಳಿ ಪಡೆಯುತ್ತಾರೆ. ಕೊಳೆತ ತತ್ತಿಯ ನಾತ ಬರುವುದು ಈ ಬೇಯಿಸುವ ಕೆಲಸದಿಂದ. ನಾವು ದುಡಿದದ್ದು ಇಂಥಾ ದೊಡ್ಡದರಲ್ಲಿ ಅಲ್ಲ. ರದ್ದಿ ಕಾಗದದಿಂದ ಕಂದು ಬಣ್ಣದ ಡಬ್ಬಿ ಕಾಗದ ಮಾಡುವ ಸಣ್ಣ ಗಿರಣಿ. ಯಾವ ಊರು, ಯಾವ ಹೆಸರು, ಅದು ಬ್ಯಾಡ. ಇಂಥಾ ಗಿರಣಿಗಳು ಗುಜರಾತದ ವಾಪಿಯ ಕಡೆ ಹೆಚ್ಚು, ಬೇರೆ ಕಡೆಯೂ ಇವೆ.

ನಾವು ಹೋದದ್ದು 2001ರಲ್ಲಿ. ರದ್ದಿಯ ಗಟ್ಟಿ ಒಡೆದು, ಪಿನ್ನು, ಪ್ಲಾಸ್ಟಿಕ್ಕು, ಚಿಂದಿ ಆರಿಸಿ, ನೀರಿನ ದೊಡ್ಡ ತೊಟ್ಟಿಗೆ ಹಾಕಬೇಕು. ಮಿಕ್ಸರಿನ ಹಾಗೆ ತಿರುಗುವ ತೊಟ್ಟಿ ಅದು. ಅಲ್ಲಿಂದ ಹೊರಟ ಅಂಬಲಿ ತಂತಿಯ ಜಾಳಿಗೆಯ ಮೇಲೆ ಹರಿಯುವಾಗ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರೇ. ನೀರು ಸೋಸಿ, ಉರುಳೆಗಳ ನಡುವೆ ಹಿಂಡಿ, ಉಗಿಯಿಂದ ಕಾಯ್ದ ಸಿಲಿಂಡರುಗಳ ಮೇಲೆ ಒಣಗಿಸಿದರೆ ಕಾಗದ. ಕೇಳಲಿಕ್ಕೆ ನಮ್ಮ ತಾಯಂದಿರು ಶಾವಿಗಿ ಒಣ ಹಾಕಿದಷ್ಟು ಸರಳ. ಆದರೆ ಹಸಿ ಕಾಗದ ನಡುವೆ ಹರಿಯುತ್ತದೆ. ಹರಿದರೆ ಯಂತ್ರ ನಿಲ್ಲಿಸುವುದಿಲ್ಲ, 'ಪೇಪರ್ ಹರೀತು' ಅಂತ ಕೂಗು ಬೀಳುತ್ತದೆ, ಎಲ್ಲರೂ ಓಡಬೇಕು, ಹರಿದದ್ದನ್ನು ಎಳೆದು ಹಾಕಬೇಕು, ಹೊಸ ತುದಿಯನ್ನು ತಿರುಗುವ ಉರುಳೆಗಳ ಸಂದಿಗೆ ಕೊಡಬೇಕು. ನೆಲ ಜಾರುತ್ತದೆ, ಸೆಕೆಗೆ ಕಣ್ಣು ಕತ್ತಲೆ, ಪಾಳಿ ಹನ್ನೆರಡು ತಾಸು. ರಾತ್ರಿ ಮೂರು ಗಂಟೆಗೆ ಆ ಕೂಗು ಬಿದ್ದಾಗ ನಮ್ಮ ಪಕ್ಕದ ಊರಿನ ಹುಡುಗನ ಬಲಗೈಯ ಎರಡು ಬೆರಳು ಆ ಸಂದಿಯಲ್ಲಿ ಹೋದವು. ಅವನಿಗೆ ವಯಸ್ಸು ಇಪ್ಪತ್ತೂ ಆಗಿರಲಿಲ್ಲ.

ಅವನನ್ನು ದವಾಖಾನೆಗೆ ಒಯ್ದ ಮೇಲೆ ಗೊತ್ತಾಯಿತು, ಅವನ ಹೆಸರು ಹಾಜರಿ ವಹಿಯಲ್ಲೇ ಇಲ್ಲ. ಅಲ್ಲಿ ಬೇರೊಬ್ಬನ ಹೆಸರು. ಗಿರಣಿಯವರು ಮುಕಾದಮನನ್ನು ತೋರಿಸಿದರು, ಮುಕಾದಮ ಊರು ಬಿಟ್ಟಿದ್ದ. ಮುಲಾಮು ಪಟ್ಟಿಯ ಖರ್ಚನ್ನು ನಾವು ಜೊತೆಗಾರರೇ ಪಟ್ಟಿ ಹಾಕಿ ಕೊಟ್ಟೆವು. ಇದು ಯಾರನ್ನೂ ಬಯ್ಯಲು ಹೇಳುವ ಮಾತಲ್ಲ. ಹಾಜರಿಯಲ್ಲಿ ಹೆಸರಿಲ್ಲದ ಕೂಲಿಗೆ ಕಾಯ್ದೆಯೂ ಕೈಗೆ ಸಿಗುವುದಿಲ್ಲ ಎಂಬುದನ್ನು ಕಣ್ಣಾರೆ ಕಂಡೆವು, ಅಷ್ಟೇ.

ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ, ಅದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಅಂಬಲಿ ತುಂಬುವ ತೊಟ್ಟಿ, ಹೊಲಸು ನೀರಿನ ಗುಂಡಿ ಇವುಗಳನ್ನು ಯಂತ್ರ ನಿಂತಾಗ ತೊಳೆಯಲು ಕೂಲಿಗಳನ್ನು ಇಳಿಸುತ್ತಾರೆ. ನಿಂತ ಅಂಬಲಿ ಕೊಳೆತು ವಿಷಗಾಳಿ ಹುಟ್ಟುತ್ತದೆ, ಹೈಡ್ರೋಜನ್ ಸಲ್ಫೈಡ್ ಎಂದು ಅದರ ಹೆಸರು. ಕಡಿಮೆ ಇದ್ದಾಗ ಕೊಳೆತ ತತ್ತಿಯ ನಾತ ಬರುತ್ತದೆ. ಹೆಚ್ಚಾದರೆ ಮೂಗೇ ಸತ್ತುಹೋಗಿ ನಾತ ತಿಳಿಯುವುದಿಲ್ಲ. 'ನಾತ ಹೋತು, ಇನ್ನೇನು ಇಳಿ' ಎಂದವನ ಮಾತು ಕೇಳಿದರೆ ಕ್ಷಣದಲ್ಲಿ ಬಿದ್ದುಬಿಡುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನ ಹಿಂದೆ ಮತ್ತೊಬ್ಬ. ಇಂಥಾ ಕಡೆ ಒಂದೇ ಗುಂಡಿಯಲ್ಲಿ ಎರಡು ಮೂರು ಹೆಣ ಬೀಳುವುದು ಹೀಗೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಜೋಳದ ಹಗೇವು ತೆಗೆಯುವಾಗ ಬಾಯಿ ತೆರೆದು ಗಾಳಿ ಆಡಲು ಬಿಡುತ್ತಿದ್ದರು, ದೀಪ ಇಳಿಸಿ ಆರುತ್ತದೋ ಉರಿಯುತ್ತದೋ ನೋಡುತ್ತಿದ್ದರು, ಆಮೇಲೇ ಮನುಷ್ಯ. ಆದರೆ ಗಿರಣಿಯ ಗುಂಡಿಗೆ ದೀಪ ಇಳಿಸಬ್ಯಾಡ್ರಿ. ಆ ಗಾಳಿಗೆ ಬೆಂಕಿ ಹತ್ತುತ್ತದೆ, ದೀಪ ಉರಿದರೂ ವಿಷ ಇಲ್ಲವೆಂದು ಅರ್ಥವಲ್ಲ. ಅಲ್ಲಿ ಬೇಕಾದದ್ದು ಗಾಳಿ ಅಳೆಯುವ ಯಂತ್ರ, ಒಳಗೆ ಗಾಳಿ ಊದುವ ಪಂಖಾ, ಸೊಂಟಕ್ಕೆ ಹಗ್ಗ, ಮೇಲೆ ಹಗ್ಗ ಹಿಡಿದು ನಿಂತ ಮನುಷ್ಯ. ಇವು ಇಲ್ಲದೆ ಇಳಿ ಎಂದರೆ ಇಳಿಯಬಾರದು. ಒಬ್ಬ ಬಿದ್ದರೆ ಅವನು ಸ್ವಂತ ಅಣ್ಣನೇ ಆದರೂ ಉಸಿರಿನ ಉಪಕರಣ ಇಲ್ಲದೆ ಹಿಂದೆ ಇಳಿಯಬಾರದು, ಹಗ್ಗದಿಂದಲೇ ಎಳೆಯಬೇಕು.

ಕಬ್ಬಿನ ಸಿಪ್ಪೆಯ ವಿಷಯ ಒಂದು ಮಾತು. ಭೀಮೆಯ ದಂಡೆಗೆ ಕಬ್ಬು ಹೆಚ್ಚಿದ ಮೇಲೆ, ಹವಳಗಾದಂಥ ಸಕ್ಕರೆ ಕಾರ್ಖಾನೆಗಳು ಬಂದ ಮೇಲೆ, ನಮ್ಮವರು ಅಲ್ಲಿಯೂ ಕೂಲಿಗೆ ಹೋಗುತ್ತಾರೆ. ಸಿಪ್ಪೆಯಿಂದಲೂ ಕಾಗದವಾಗುತ್ತದೆ. ತಮಿಳುನಾಡಿನಲ್ಲಿ ಸರಕಾರದ ದೊಡ್ಡ ಕಾರ್ಖಾನೆಯೇ ಇದೆ. ಆದರೆ ಬಹಳ ದಿನ ಒಟ್ಟಿ ಬೂಸು ಹಿಡಿದ ಸಿಪ್ಪೆಯ ಧೂಳು ಎದೆಗೆ ಹೋದರೆ ಜ್ವರ, ಕೆಮ್ಮು, ಉಬ್ಬಸ ಬರುತ್ತವೆ. ಬ್ಯಾಗಸೋಸಿಸ್ ಎಂದು ಡಾಕ್ಟರು ಹೇಳುತ್ತಾರೆ. ಕೆಮ್ಮು ಬಂದವನು ಡಾಕ್ಟರ ಮುಂದೆ 'ಸಿಪ್ಪೆ ಕೆಲಸ ಮಾಡ್ತೀನ್ರಿ' ಅಂತ ಹೇಳಲೇಬೇಕು, ಇಲ್ಲದಿದ್ದರೆ ಬೇರೆ ರೋಗದ ಔಷಧ ನುಂಗುತ್ತಾ ಕೂಡಬೇಕಾದೀತು.

ಹಾಗಾದರೆ ಹೋಗಬಾರದೇ? ನಾವು ಹಾಗೆ ಹೇಳುವುದಿಲ್ಲ. ಮಳೆ ಕೈಕೊಟ್ಟ ವರ್ಷ ತೊಗರಿಯೊಂದನ್ನೇ ನಂಬಿ ಸಂಘದ ಕಂತು ಕಟ್ಟಲಾಗುವುದಿಲ್ಲ. ನಮ್ಮ ಮನೆಯ ಬಾವಿಗೆ ಕಲ್ಲು ಕಟ್ಟಿದ್ದು ಗಿರಣಿಯ ಪಗಾರದಿಂದಲೇ. ಹೋಗುವಾಗ ಕೇಳಿಕೊಂಡು ಹೋಗಬೇಕು. ಗಿರಣಿಯ ಹೆಸರೇನು, ಮುಕಾದಮನಿಗೆ ಪರವಾನಗಿ ಇದೆಯೇ, ಹಾಜರಿ ಯಾರ ಹೆಸರಿನಲ್ಲಿ, ಪಿ.ಎಫ್. ಕಟ್ಟುತ್ತಾರೆಯೇ. ಪಿ.ಎಫ್. ಕಟ್ಟಿದರೆ ಯು.ಎ.ಎನ್. ನಂಬರು ಬರುತ್ತದೆ, ಗಿರಣಿ ಬದಲಾದರೂ ಅದು ಬದಲಾಗುವುದಿಲ್ಲ, ಬರೆದು ಮನೆಯಲ್ಲಿಡಿರಿ. ಇ.ಎಸ್.ಐ. ಪಗಾರದ ಮಿತಿಯನ್ನು 2017ರಲ್ಲಿ ತಿಂಗಳಿಗೆ 21,000 ರೂಪಾಯಿಗೆ ಏರಿಸಿದರು. ಅದರ ಕಾರ್ಡು ಇದ್ದರೆ ಬೆರಳು ಹೋದ ದಿನ ಪಟ್ಟಿ ಹಾಕುವ ಪ್ರಸಂಗ ಬರುವುದಿಲ್ಲ. ಮುಕಾದಮ ಪಗಾರ ಕೊಡದಿದ್ದರೆ ಗಿರಣಿಯ ಮಾಲಕನೇ ಕೊಡಬೇಕೆಂದು ಹಳೆಯ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿಯೂ ಇದೆ. ಆದರೆ ಮಾಲಕನ ಹೆಸರೇ ಗೊತ್ತಿಲ್ಲದವನು ಯಾರನ್ನು ಕೇಳುತ್ತಾನೆ?

ಈ ಬಗ್ಗೆ ಸಂಘದಿಂದ ಒಂದು ಕೆಲಸ ಆಗಬಹುದೆಂದು ನಿರ್ದೇಶಕರಲ್ಲಿ ಕೆಲವರು ಮಾತಾಡಿಕೊಂಡಿದ್ದೇವೆ. ಹೊರಗೆ ದುಡಿಯಲು ಹೋಗುವ ಸದಸ್ಯರ ಮತ್ತು ಸದಸ್ಯರ ಮಕ್ಕಳ ಒಂದು ವಹಿ ಇಡುವುದು. ಹೆಸರು, ಗಿರಣಿ, ಊರು, ಮುಕಾದಮನ ಫೋನು, ತೆಗೆದುಕೊಂಡ ಮುಂಗಡ, ಇಷ್ಟು ಬರೆಯುವುದು. ಇನ್ನೊಂದು, ಮುಕಾದಮನ ಮುಂಗಡ ತೀರಿಸಲಾಗದೆ ಅಲ್ಲೇ ಸಿಕ್ಕಿಕೊಂಡವನಿಗೆ ಸಂಘದಿಂದ ಸಣ್ಣ ಸಾಲ ಕೊಡಬಹುದೇ ಎಂಬುದು. ಇದಕ್ಕೆ ಕೆಲವು ಹಿರಿಯರ ಒಪ್ಪಿಗೆ ಇಲ್ಲ, ಬಾಕಿ ಬೆಳೆಯುತ್ತದೆ ಎನ್ನುತ್ತಾರೆ. ಅವರ ಮಾತಿನಲ್ಲಿಯೂ ಅರ್ಥವಿದೆ. ಎರಡನೆಯದನ್ನು ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಚರ್ಚಿಸೋಣ. ಮೊದಲನೆಯದಕ್ಕೆ ಹಣ ಬೇಕಿಲ್ಲ, ವಹಿ ಇಂದೇ ಕಾರ್ಯದರ್ಶಿಗಳ ಮೇಜಿನ ಮೇಲಿದೆ. ಈ ವಾರ ಹೊರಡುವವರು ಊಟವಾದ ಮೇಲೆ ಹೆಸರು ಬರೆಸಿ ಹೋಗಿರಿ.